ಡೀಸೆಲ್ ಲೆಕ್ಕದಲ್ಲಿ ಸಾಗರ ದಾಟುವವರು

ತೈವಾನಿನಲ್ಲೋ ಟರ್ಕಿಯಲ್ಲೋ ಕಟ್ಟಿದ ಐವತ್ತು ಅಡಿಯ ಮೋಟಾರ್ ಯಾಟ್ ಒಂದು ಕೊಂಡವರ ಬಂದರಿಗೆ ಬಂದು ಮುಟ್ಟುವ ದಾರಿ ಎರಡು. ದೊಡ್ಡ ಸರಕು ಹಡಗಿನ ಮೇಲೆ ಕ್ರೇನಿನಿಂದ ಎತ್ತಿಟ್ಟು, ಬಿಗಿದು ಕಟ್ಟಿ ಕಳಿಸುವುದು ಒಂದು. ಮೂರ್ನಾಲ್ಕು ಜನ ಹತ್ತಿ, ಟ್ಯಾಂಕಿನ ತುಂಬ ಡೀಸೆಲ್ ಹಾಕಿಸಿಕೊಂಡು, ಯಾಟಿನದೇ ಎಂಜಿನ್ ಬಲದಿಂದ ಸಾಗರ ದಾಟಿಸಿ, ಮಾಲೀಕರ ಕೈಗೆ ಕೀಲಿಕೈ ಒಪ್ಪಿಸಿ ಬರುವುದು ಇನ್ನೊಂದು. ಈ ಎರಡನೆಯ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡ ಕಸುಬುದಾರರಿದ್ದಾರೆ. ಡೆಲಿವರಿ ಕ್ಯಾಪ್ಟನ್ ಎಂದು ಅವರನ್ನು ಕರೆಯುತ್ತಾರೆ. ಯಾಟು ಅವರದಲ್ಲ, ಪ್ರಯಾಣ ಮೋಜಿನದಲ್ಲ. ಹೇಳಿದ ದಿನದ ಆಸುಪಾಸಿಗೆ, ಒಂದು ಗೀರೂ ಬೀಳದಂತೆ, ಇನ್ನೊಬ್ಬರ ಆಸ್ತಿಯನ್ನು ನೂರಾರು ಮೈಲಿ ಖಾಲಿ ನೀರಿನ ಆಚೆ ಮುಟ್ಟಿಸಬೇಕು.

ಹಾಯಿದೋಣಿಗೆ ಎಂಜಿನ್ ಕೆಟ್ಟರೆ ಗಾಳಿಯಾದರೂ ಇದೆ. ಮೋಟಾರ್ ಯಾಟಿಗೆ ಆ ಆಸರೆಯಿಲ್ಲ. ಎಂಜಿನ್ ನಿಂತರೆ ಯಾಟು ಅಲೆಗಳಿಗೆ ಅಡ್ಡ ತಿರುಗಿ ಹೊರಳತೊಡಗುತ್ತದೆ. ಅಲ್ಲಿಗೆ ಮೆಕ್ಯಾನಿಕ್ ಬರುವುದಿಲ್ಲ, ಬಿಡಿಭಾಗದ ಅಂಗಡಿಯಿಲ್ಲ. ಆದ್ದರಿಂದಲೇ ಈ ಕಸುಬಿನ ಮುಕ್ಕಾಲು ಪಾಲು ನಕ್ಷೆ ನೋಡುವುದರಲ್ಲಿಲ್ಲ, ಎಂಜಿನ್ ರೂಮಿನಲ್ಲಿದೆ. ಬೆಳಗಾವಿ ಜಿಲ್ಲೆಯ ಬಯಲುಸೀಮೆಯಲ್ಲಿ ಕೂತು ಇದನ್ನು ಬರೆಯಲು ಇದೇ ಕಾರಣ.

ಸವದತ್ತಿ ತಾಲೂಕಿನ ಉಗರಗೋಳಕ್ಕೂ ಸಮುದ್ರಕ್ಕೂ ದೂರ ಬಹಳ. ಕಾರವಾರಕ್ಕೆ ಹೋಗಬೇಕೆಂದರೆ ಧಾರವಾಡ ದಾಟಿ, ಘಟ್ಟ ಇಳಿದು ಇನ್ನೂರು ಕಿಲೋಮೀಟರ್ ಆಸುಪಾಸಿನ ಹಾದಿ. ನಮಗೆ ಹತ್ತಿರದ ದೊಡ್ಡ ನೀರೆಂದರೆ ನವಿಲುತೀರ್ಥದ ಅಣೆಕಟ್ಟೆಯ ಹಿಂದಿನ ರೇಣುಕಾಸಾಗರ. ಆ ಮಲಪ್ರಭೆಯೂ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುವವಳು. ಆದರೆ ಡೀಸೆಲ್ ಎಂಜಿನ್ ನಮಗೆ ಮನೆಮಗನಷ್ಟು ಗೊತ್ತು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳ ಸಾಲು ಊರೊಳಗೆ ಹಾಯುವಾಗ ಒಂದಾದರೂ ಏರಿನಲ್ಲಿ ಕೆಮ್ಮಿ ನಿಲ್ಲುತ್ತದೆ. ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು, ಬುತ್ತಿಗಂಟು. ಗ್ಯಾರೇಜಿನ ಹುಡುಗ ಬಂದು ಫಿಲ್ಟರಿನ ಮೇಲೆ ಕೈಯಿಟ್ಟು, "ಏರ್ ಹಿಡದೈತ್ರೀ ಕಾಕಾ, ಬಿಡಬೇಕ್ರೀ" ಎನ್ನುತ್ತಾನೆ. ಸ್ಪ್ಯಾನರಿನಿಂದ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗುತ್ತಾನೆ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಸ್ಕ್ರೂ ಬಿಗಿದು ಸೆಲ್ಫ್ ಕೊಟ್ಟರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ನಡುಸಾಗರದಲ್ಲಿ, ನಡುರಾತ್ರಿಯಲ್ಲಿ ಡೆಲಿವರಿ ತಂಡದವರು ಮಾಡುವುದೂ ಇದೇ ಕೆಲಸ. ವ್ಯತ್ಯಾಸವಿಷ್ಟೇ: ಅಲ್ಲಿ ನಿಂತ ನೆಲ ನಿಲ್ಲುವುದಿಲ್ಲ, ಸುತ್ತಲ ಶಾಖ ಐವತ್ತು ಡಿಗ್ರಿಯ ಹತ್ತಿರ ಇರುತ್ತದೆ, ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುತ್ತಿರುತ್ತದೆ.

ಫಿಲ್ಟರಿನ ಮಾತು ಬಂದಾಗ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಂಥ ಪ್ರಯಾಣಗಳಲ್ಲಿ ಎಂಜಿನ್ ನಿಲ್ಲುವುದು ಹೆಚ್ಚಾಗಿ ಎಂಜಿನ್ನಿನ ದೋಷದಿಂದಲ್ಲ, ಹೊಲಸು ಡೀಸೆಲ್‌ನಿಂದ. ಬಂದರಿನಲ್ಲಿ ವರ್ಷಗಟ್ಟಲೆ ಕಟ್ಟಿ ನಿಂತ ಯಾಟಿನ ಟ್ಯಾಂಕಿನ ತಳದಲ್ಲಿ ರಾಡಿ ಕೂತಿರುತ್ತದೆ. ಗಾಳಿಯ ತೇವ ಟ್ಯಾಂಕಿನೊಳಗೆ ಹನಿಯಾಗಿ ಇಳಿದು ಡೀಸೆಲ್‌ಗಿಂತ ಭಾರವಾದ್ದರಿಂದ ಅಡಿಗೆ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಾಣುಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಶಾಂತ ನೀರಿನಲ್ಲಿ ಇದೆಲ್ಲ ತಣ್ಣಗೆ ಮಲಗಿರುತ್ತದೆ. ಹೊರಸಮುದ್ರದ ಮೊದಲ ದೊಡ್ಡ ಅಲೆಗಳಿಗೆ ಟ್ಯಾಂಕು ಕಲಕಿದಾಗ ಅಷ್ಟೂ ಎದ್ದು ಪೈಪಿಗೆ ನುಗ್ಗುತ್ತದೆ.

ಆದ್ದರಿಂದ ಬಲ್ಲ ಕ್ಯಾಪ್ಟನ್ ಹೊರಡುವ ಮೊದಲೇ ಟ್ಯಾಂಕಿನ ತಳದ ಡೀಸೆಲ್ ತೆಗೆಸಿ ಗಾಜಿನ ಬಾಟಲಿಯಲ್ಲಿ ಬೆಳಕಿಗೆ ಹಿಡಿದು ನೋಡುತ್ತಾನೆ. ಎರಡು ಫಿಲ್ಟರುಗಳನ್ನು ಜೋಡಿಯಾಗಿ ಕೂರಿಸಿ, ನಡುವೆ ಒಂದು ವಾಲ್ವ್ ಇಡಿಸುತ್ತಾನೆ. ಒಂದು ಕಟ್ಟಿಕೊಂಡರೆ ಹಿಡಿಕೆ ತಿರುಗಿಸಿದರಾಯಿತು, ಎಂಜಿನ್ ನಿಲ್ಲದೆಯೇ ಇನ್ನೊಂದರಿಂದ ಡೀಸೆಲ್ ಹರಿಯುತ್ತದೆ. ಫಿಲ್ಟರಿನ ಕೆಳಗೆ ಪಾರದರ್ಶಕ ಬಟ್ಟಲಿರುತ್ತದೆ. ಅದರ ತಳದಲ್ಲಿ ನೀರಿನ ಗುಂಡು ನಿಂತಿತೆಂದರೆ ಸಣ್ಣ ತೂಬು ಬಿಚ್ಚಿ ಹೊರಬಿಡಬೇಕು. ಮೇಲೆ ಒಂದು ವ್ಯಾಕ್ಯೂಮ್ ಗೇಜ್. ಅದರ ಮುಳ್ಳು ದಿನದಿಂದ ದಿನಕ್ಕೆ ಎಷ್ಟು ಸರಿಯಿತು ಎಂಬುದನ್ನು ಬರೆದಿಟ್ಟರೆ ಫಿಲ್ಟರ್ ಯಾವಾಗ ಕಟ್ಟಿಕೊಳ್ಳುತ್ತದೆ ಎಂದು ಮುಂಚೆಯೇ ಹೇಳಬಹುದು. ದೂರ ಹೋಗುವ ಯಾಟುಗಳಲ್ಲಿ ಡೇ ಟ್ಯಾಂಕ್ ಎಂದು ಚಿಕ್ಕದೊಂದು ಟ್ಯಾಂಕ್ ಬೇರೆಯೇ ಇರುತ್ತದೆ. ದೊಡ್ಡ ಟ್ಯಾಂಕಿನ ಡೀಸೆಲ್ ಸೋಸಿ ಇದಕ್ಕೆ ತುಂಬಿಸಿ, ಎಂಜಿನ್ನಿಗೆ ಇದರಿಂದಲೇ ಉಣಿಸುತ್ತಾರೆ. ಗಂಟೆಗೆ ಎಷ್ಟು ಖರ್ಚಾಯಿತು ಎಂಬುದೂ ಇದರಿಂದ ನಿಖರವಾಗಿ ಗೊತ್ತಾಗುತ್ತದೆ.

ಈ ಖರ್ಚಿನ ಲೆಕ್ಕವೇ ಇಡೀ ಪ್ರಯಾಣದ ಜೀವ. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗೆ ಪ್ರಕೃತಿಯೇ ಒಂದು ವೇಗದ ಮಿತಿ ಹಾಕಿದೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವಿದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 49 ಅಡಿಗೆ ಇದು ಸುಮಾರು 9.4 ನಾಟ್, ಅಂದರೆ ಗಂಟೆಗೆ ಹದಿನೇಳು ಕಿಲೋಮೀಟರಿನಷ್ಟು. ಆ ಮಿತಿಯ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಏರಲು ಹೆಣಗುತ್ತದೆ. ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ.

ಮಂಗಳೂರಿನಿಂದ ಒಮಾನಿನ ಸಲಾಲಾ ಬಂದರಿಗೆ ಹೋಗುವುದೆಂದು ಇಟ್ಟುಕೊಳ್ಳೋಣ. ಸುಮಾರು 1,200 ನಾಟಿಕಲ್ ಮೈಲಿ. 7 ನಾಟ್ ವೇಗದಲ್ಲಿ ಗಂಟೆಗೆ 15 ಲೀಟರ್ ಕುಡಿಯುವ ಯಾಟಾದರೆ 171 ಗಂಟೆ ಬೇಕು, ಸುಮಾರು 2,570 ಲೀಟರ್ ಡೀಸೆಲ್ ಸಾಕು. ಅದೇ ಯಾಟನ್ನು 9 ನಾಟ್‌ಗೆ ಏರಿಸಿದರೆ ಗಂಟೆಗೆ ಹೆಚ್ಚುಕಡಿಮೆ 32 ಲೀಟರ್ ಬೇಕು. 133 ಗಂಟೆಯಲ್ಲಿ ಮುಟ್ಟಬಹುದು, ಡೀಸೆಲ್ ಮಾತ್ರ 4,250 ಲೀಟರ್. ಒಂದೂವರೆ ದಿನ ಉಳಿಸಲು ಹೋಗಿ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಸುಟ್ಟಂತಾಯಿತು. ಟ್ಯಾಂಕಿನಲ್ಲಿ ಅಷ್ಟಿಲ್ಲದಿದ್ದರೆ ನಡುನೀರಿನಲ್ಲಿ ನಿಂತಂತಾಯಿತು. ಎದುರುಗಾಳಿ, ಎದುರುಪ್ರವಾಹ ಬಂದರೆ ಇರಲಿ ಎಂದು ಐದರಲ್ಲೊಂದು ಪಾಲಿನಷ್ಟು ಡೀಸೆಲ್ಲನ್ನು ಮುಟ್ಟದೆ ಕಾದಿಡುವುದು ಕಸುಬಿನ ಶಿಸ್ತು. ದೂರ ಇನ್ನೂ ಹೆಚ್ಚಿದ್ದರೆ ಡೆಕ್ಕಿನ ಮೇಲೆ ದಪ್ಪ ರಬ್ಬರಿನ ಚೀಲಗಳಲ್ಲಿ ಡೀಸೆಲ್ ತುಂಬಿ ಬಿಗಿಯುತ್ತಾರೆ. ಸಾವಿರ ಲೀಟರಿಗೆ ಸುಮಾರು 850 ಕಿಲೋ ತೂಕ. ಅಷ್ಟು ಭಾರ ಮೇಲೆ ಹೇರಿದರೆ ಯಾಟಿನ ಸಮತೋಲ ಕೆಡುತ್ತದೆ, ಆದ್ದರಿಂದ ಮೊದಲು ಆ ಚೀಲಗಳನ್ನೇ ಖಾಲಿ ಮಾಡುತ್ತಾರೆ. ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೋಗುವವರಿಗೆ ಎರಡು ಸಾವಿರ ಮೈಲಿ ದಾಟುವವರೆಗೆ ನಡುವೆ ಒಂದು ದ್ವೀಪವೂ ಸಿಗುವುದಿಲ್ಲ. ಅಲ್ಲಿ ಈ ಲೆಕ್ಕ ತಪ್ಪಿದರೆ ತಿದ್ದಿಕೊಳ್ಳಲು ಜಾಗವಿಲ್ಲ.

ಈ ಲೆಕ್ಕವನ್ನು ಲೋಕಕ್ಕೆ ತಿಳಿಯಾಗಿ ಹೇಳಿಕೊಟ್ಟವರು ಅಮೆರಿಕದ ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ರಾಬರ್ಟ್ ಬೀಬ್. ತಾವೇ ವಿನ್ಯಾಸ ಮಾಡಿದ 50 ಅಡಿಯ 'ಪ್ಯಾಸೇಜ್‌ಮೇಕರ್' ಎಂಬ ದೋಣಿಯನ್ನು ಸಿಂಗಾಪುರದಲ್ಲಿ ಕಟ್ಟಿಸಿ, 1963ರಲ್ಲಿ ಹಿಂದೂ ಮಹಾಸಾಗರ, ಕೆಂಪು ಸಮುದ್ರ ದಾಟಿ ಗ್ರೀಸಿಗೆ ಒಯ್ದರು. ನಮ್ಮ ನೀರಿನಲ್ಲೇ ಪರೀಕ್ಷೆಗೊಂಡ ವಿದ್ಯೆ ಇದು. 1975ರಲ್ಲಿ ಬಂದ ಅವರ 'ವಾಯೇಜಿಂಗ್ ಅಂಡರ್ ಪವರ್' ಪುಸ್ತಕವನ್ನು ಈ ಕಸುಬಿನವರು ಇಂದಿಗೂ ಓದುತ್ತಾರೆ. ಬೀಬ್‌ಗಿಂತ ಮುಂಚೆಯೂ ಎದೆಗಾರರಿದ್ದರು. 1902ರಲ್ಲಿ ವಿಲಿಯಂ ನ್ಯೂಮನ್ ಎಂಬ ಕ್ಯಾಪ್ಟನ್ ಹದಿನಾರು ವರ್ಷದ ತನ್ನ ಮಗನನ್ನು ಕೂರಿಸಿಕೊಂಡು, ಸೀಮೆಎಣ್ಣೆ ಎಂಜಿನ್ನಿನ 38 ಅಡಿಯ ದೋಣಿಯಲ್ಲಿ ನ್ಯೂಯಾರ್ಕಿನಿಂದ ಇಂಗ್ಲೆಂಡಿನ ಫಾಲ್ಮತ್‌ಗೆ 36 ದಿನಗಳಲ್ಲಿ ಮುಟ್ಟಿದ. ದಾರಿಯಲ್ಲಿ ಟ್ಯಾಂಕು ಸೋರಿ ದೋಣಿಯೆಲ್ಲ ಸೀಮೆಎಣ್ಣೆಯಾಗಿತ್ತು. ಅಲ್ಲಿಂದ ಒಂದು ಶತಮಾನ ದಾಟಿ, 2004ರಲ್ಲಿ 18 ಮೋಟಾರ್ ಯಾಟುಗಳು ಒಟ್ಟಾಗಿ ಫ್ಲೋರಿಡಾದಿಂದ ಬರ್ಮುಡಾ, ಅಜೋರ್ಸ್ ಮೂಲಕ ಜಿಬ್ರಾಲ್ಟರ್ ತಲುಪಿದವು. ಆ ಹೊತ್ತಿಗೆ ಇದು ಸಾಹಸದ ಸುದ್ದಿಯಾಗಿ ಉಳಿದಿರಲಿಲ್ಲ, ಸಿದ್ಧತೆ ಮಾಡಿಕೊಂಡವರ ಕೈಗೆಟಕುವ ಕೆಲಸವಾಗಿತ್ತು.

ಹಾಯಿ ಇಲ್ಲದ ದೋಣಿ ಅಲೆಗೆ ಎಡಕ್ಕೂ ಬಲಕ್ಕೂ ಹೊರಳುವುದು ಹೆಚ್ಚು. ಇದನ್ನು ತಡೆಯಲು ಎರಡೂ ಪಕ್ಕಕ್ಕೆ ಉದ್ದನೆಯ ತೋಳು ಚಾಚಿ, ತುದಿಯಿಂದ ಲೋಹದ ರೆಕ್ಕೆಗಳನ್ನು ನೀರಿನಾಳಕ್ಕೆ ಇಳಿಬಿಡುತ್ತಾರೆ. ಹೊಸ ಯಾಟುಗಳಲ್ಲಿ ತಳದಿಂದ ಚಾಚಿದ, ಹೈಡ್ರಾಲಿಕ್ ಬಲದಿಂದ ಆಡುವ ರೆಕ್ಕೆಗಳಿರುತ್ತವೆ. ಹೊರಳಾಟ ತಪ್ಪಿದರೆ ಜನ ನಿದ್ದೆ ಮಾಡುತ್ತಾರೆ, ನಿದ್ದೆಯಾದವರು ತಪ್ಪು ಕಡಿಮೆ ಮಾಡುತ್ತಾರೆ.

ಪಾಳಿ ಸಾಮಾನ್ಯವಾಗಿ ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಕಾವಲಿನವರು ರೇಡಾರ್ ನೋಡುತ್ತಾರೆ, ಸುತ್ತಲ ಹಡಗುಗಳ ಹೆಸರು, ದಿಕ್ಕು, ವೇಗ ತೋರಿಸುವ ಎಐಎಸ್ ಪರದೆ ನೋಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಬರಿಗಣ್ಣಿನಿಂದ ಹೊರಗೆ ನೋಡುತ್ತಾರೆ. ಗಂಟೆಗೊಮ್ಮೆ ಟಾರ್ಚ್ ಹಿಡಿದು ಎಂಜಿನ್ ರೂಮಿಗೆ ಇಳಿಯಬೇಕು. ಆಯಿಲ್ ಒತ್ತಡ, ಕೂಲಂಟಿನ ಶಾಖ, ಶಾಫ್ಟ್ ಹೊರಗೆ ಹೋಗುವ ಗ್ಲ್ಯಾಂಡಿನ ಬಿಸಿ, ತಳದ ಬಿಲ್ಜಿನಲ್ಲಿ ನಿಂತ ನೀರು ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಎಂಜಿನ್ ತಂಪಾಗುವುದು ಸಮುದ್ರದ ನೀರಿನಿಂದ. ಆ ನೀರನ್ನು ಎಳೆಯುವ ಪಂಪಿನೊಳಗೆ ಅಂಗೈಯಗಲದ ರಬ್ಬರ್ ಚಕ್ರವೊಂದಿದೆ, ಇಂಪೆಲ್ಲರ್. ನೀರು ಬರುವ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡರೆ ಸಾಕು, ಒಣಗಿದ ಪಂಪಿನಲ್ಲಿ ಈ ಚಕ್ರದ ಎಸಳುಗಳು ನಿಮಿಷಗಳಲ್ಲಿ ಹರಿದುಹೋಗುತ್ತವೆ. ಹರಿದ ಚೂರುಗಳನ್ನು ಒಂದೊಂದಾಗಿ ಎಣಿಸಿ ಹೊರತೆಗೆಯಬೇಕು. ಒಂದು ಚೂರು ಒಳಗೆ ಉಳಿದರೂ ಅದು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರಿನ ಕೊಳವೆ ಮುಚ್ಚುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಂತೂ ರಾತ್ರಿ ದೀಪವಿಲ್ಲದ ಮೀನುಬಲೆಗಳು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಭಯ ಬೇರೆ.

ಇನ್ನು ಕಾಲ. ಅರಬ್ಬಿ ಸಮುದ್ರವನ್ನು ಪಶ್ಚಿಮಕ್ಕೆ ದಾಟುವವರು ಆರಿಸಿಕೊಳ್ಳುವುದು ಡಿಸೆಂಬರಿನಿಂದ ಫೆಬ್ರವರಿ, ಈಶಾನ್ಯದ ಗಾಳಿ ಹದವಾಗಿ ಬೀಸುವ ದಿನಗಳು. ಹೊಸ್ತಿಲ ಹುಣ್ಣಿಮೆಯಿಂದ ಭರತ ಹುಣ್ಣಿಮೆಯವರೆಗೆ, ಗುಡ್ಡಕ್ಕೆ ಜನ ಸಾಗರವಾಗಿ ಹರಿದು ಬರುವ ಅದೇ ತಿಂಗಳುಗಳು. ಜೂನ್ ಬಂತೆಂದರೆ ಬಾಗಿಲು ಮುಚ್ಚಿತು. ಕರ್ನಾಟಕದ ಯಾಂತ್ರಿಕ ಮೀನುಗಾರಿಕೆ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಮುಂಗಾರಿನ ಮುಂಚೆಯೂ ಆಮೇಲೆಯೂ ಚಂಡಮಾರುತಗಳ ಕಾಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ 'ಕೋರಮಂಡಲ್ ಸಪೋರ್ಟರ್ 9' ಎಂಬ ಟಗ್ ಕಾಪು ಕಡಲಿನ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಬದುಕಿಸಿ ತಂದವು. ದಡ ಕಣ್ಣಿಗೆ ಕಾಣುತ್ತಿದ್ದರೂ ನೀರಿಗಿಳಿದು ಈಜಿ ಬರುವಂತಿರಲಿಲ್ಲ.

ದಡ ಕಾಣದ ಕಡೆ ಹೀಗಾದರೆ? ಯಾಟಿನಲ್ಲಿರುವ ಇಪಿಐಆರ್‌ಬಿ ಎಂಬ ಪುಟ್ಟ ಉಪಕರಣ ನೀರಿಗೆ ಬಿದ್ದೊಡನೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಕೂಗು ಹಾಕುತ್ತದೆ. ಭಾರತದ ಸುತ್ತಲ ಸಮುದ್ರದಿಂದ ಎದ್ದ ಇಂಥ ಕೂಗು ಬಂದು ಮುಟ್ಟುವುದು ಬೆಂಗಳೂರಿಗೆ, ಇಸ್ರೋದ ಇಸ್ಟ್ರ್ಯಾಕ್ ಕೇಂದ್ರಕ್ಕೆ. ಅಲ್ಲಿಂದ ಕೋಸ್ಟ್ ಗಾರ್ಡಿಗೆ ಸುದ್ದಿ ಹೋಗುತ್ತದೆ. ಕಡಲಿಲ್ಲದ ಊರೊಂದು ಕಡಲಿನವರ ಪ್ರಾಣ ಕಾಯುತ್ತಿದೆ ಎಂಬುದು ನಮ್ಮ ಜನಕ್ಕೆ ಗೊತ್ತಿರಬೇಕಾದ ಸಂಗತಿ.

ಹವಾಮಾನಕ್ಕಿಂತ ಕೆಟ್ಟದ್ದು ಮನುಷ್ಯರಿಂದ ಬಂದದ್ದೂ ಉಂಟು. 2011ರ ಫೆಬ್ರವರಿಯಲ್ಲಿ ಮುಂಬೈಯಿಂದ ಸಲಾಲಾಕ್ಕೆ ಹೊರಟಿದ್ದ 'ಕ್ವೆಸ್ಟ್' ಎಂಬ ಅಮೆರಿಕದ ಹಾಯಿದೋಣಿಯನ್ನು ಸೊಮಾಲಿಯಾದ ಕಡಲ್ಗಳ್ಳರು ಹಿಡಿದು, ಅದರಲ್ಲಿದ್ದ ನಾಲ್ವರನ್ನೂ ಕೊಂದರು. ಅದಾದ ಮೇಲೆ ಎಷ್ಟೋ ಮಂದಿ ತಮ್ಮ ದೋಣಿಗಳನ್ನು ಹಡಗಿಗೆ ಹೇರಿಸಿ ಆ ನೀರನ್ನು ದಾಟಿಸಿದರು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನ್ನಿನ ಹೂತಿ ಬಂಡುಕೋರರ ದಾಳಿ ಶುರುವಾಗಿ ದೊಡ್ಡ ಸರಕು ಹಡಗುಗಳೇ ಆಫ್ರಿಕಾ ಸುತ್ತಿ ಹೋಗುವಂತಾಯಿತು. ಎಷ್ಟೇ ಗಟ್ಟಿ ಎಂಜಿನ್ ಇದ್ದರೂ ಇಂಥ ದಾರಿಯಲ್ಲಿ ಹೋಗದಿರುವುದೇ ಸರಿಯೆಂದು ಹೇಳುವ ಕ್ಯಾಪ್ಟನ್ನನ ಮಾತನ್ನು ಮಾಲೀಕರು ಕೇಳಬೇಕು.

ಕರ್ನಾಟಕದಲ್ಲಿ ಯಾಟು ಅಪರೂಪ. ಆದರೆ ಸ್ವಂತ ಬಲದಿಂದ ಸಾಗರ ದಾಟಿ ಬಂದ ಬಹುದೊಡ್ಡ ಹಡಗೊಂದು ನಮ್ಮ ಕಾರವಾರಕ್ಕೇ ಬಂದಿದೆ. ವಿಮಾನವಾಹಕ ಐಎನ್‌ಎಸ್ ವಿಕ್ರಮಾದಿತ್ಯವನ್ನು ರಷ್ಯಾ 2012ರ ಡಿಸೆಂಬರಿನಲ್ಲೇ ನಮಗೆ ಒಪ್ಪಿಸಬೇಕಿತ್ತು. ಪರೀಕ್ಷಾ ಓಡಾಟದಲ್ಲಿ ಬಾಯ್ಲರುಗಳ ಶಾಖ ತಡೆಯುವ ಇಟ್ಟಿಗೆಗಳು ಕೈಕೊಟ್ಟು ಒಂದು ವರ್ಷ ತಡವಾಯಿತು. 2013ರ ನವೆಂಬರ್ 16ರಂದು ರಷ್ಯಾದ ಸೆವೆರೊದ್‌ವಿನ್ಸ್ಕ್‌ನಲ್ಲಿ ನೌಕಾಪಡೆಗೆ ಸೇರಿ, ಹಿಮದ ಕಡಲಿನಿಂದ ಹೊರಟು, 2014ರ ಜನವರಿ ಮೊದಲ ವಾರ ಮುಗಿಯುವ ಹೊತ್ತಿಗೆ ಕಾರವಾರ ಮುಟ್ಟಿತು. ಐವತ್ತು ಅಡಿಯ ಯಾಟಿಗೂ ನಲವತ್ತು ಸಾವಿರ ಟನ್ನು ಮೀರಿದ ಆ ಹಡಗಿಗೂ ನಿಯಮ ಒಂದೇ: ಹೊರಡುವ ಮುಂಚೆ ಎಂಜಿನ್ ರೂಮನ್ನು ಪರೀಕ್ಷೆಗೆ ಒಡ್ಡು, ಅಲ್ಲಿ ತಪ್ಪು ಕಂಡರೆ ದಿನಾಂಕ ಮುಂದೂಡು.

ಮಲ್ಪೆಯಲ್ಲಿ ಈಗ ಇನ್ನೊಂದು ಅಧ್ಯಾಯ ನಡೆದಿದೆ. ದಿವಾಳಿಯಾಗಿದ್ದ ತೆಬ್ಮಾ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡುಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟು ಮತ್ತೆ ಕೆಲಸ ಶುರುಮಾಡಿತು. ಅಲ್ಲಿ ಬಂದರುಗಳಿಗೆ ಬೇಕಾದ ಟಗ್‌ಗಳು ತಯಾರಾಗುತ್ತಿವೆ. ನಾರ್ವೆಯ ವಿಲ್ಸನ್ ಕಂಪನಿ 2023ರಲ್ಲಿ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೂ, ಮರುವರ್ಷ 6,300 ಟನ್ನಿನವುಗಳಿಗೂ ಬೇಡಿಕೆ ಕೊಟ್ಟಿದೆ. ಹೀಗೆ ಕಟ್ಟಿದ ಹಡಗನ್ನು ಗಿರಾಕಿಗೆ ಮುಟ್ಟಿಸುವ ಪ್ರತಿಯೊಂದು ಪ್ರಯಾಣಕ್ಕೂ ಎಂಜಿನ್ ಬಲ್ಲ ಕೈಗಳು ಬೇಕು.

ಆ ಕೈಗಳು ನಮ್ಮಲ್ಲಿವೆ ಎಂಬುದು ನನ್ನ ನಂಬಿಕೆ. ಒಂದು ಕಾಲಕ್ಕೆ ಧಾರವಾಡ, ಬೆಳಗಾವಿ ಸೀಮೆಯ ಎರೆಹೊಲಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ನಮ್ಮ ಬೆಳೆ ಕಂಡ ಕಡಲನ್ನು ನಮ್ಮ ಮಕ್ಕಳು ಕಾಣುತ್ತಿಲ್ಲ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಐಟಿಐ ಹುಡುಗರು ಪಂಪ್‌ಸೆಟ್, ಟ್ರ್ಯಾಕ್ಟರ್, ಹಾರ್ವೆಸ್ಟರ್ ಬಿಚ್ಚಿ ಜೋಡಿಸಬಲ್ಲರು. ಅವರಿಗೆ ಇಂಥ ದಾರಿಯೊಂದಿದೆ ಎಂದು ಹೇಳುವವರಿಲ್ಲ. ಹತ್ತನೆಯ ತರಗತಿ ಪಾಸಾದವರಿಗೆ ಹಡಗಿನ ಕೆಳದರ್ಜೆ ಸಿಬ್ಬಂದಿಯಾಗಲು ಜಿಪಿ ರೇಟಿಂಗ್ ಎಂಬ ಆರು ತಿಂಗಳ ತರಬೇತಿಯಿದೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿದವರು ಒಂದು ವರ್ಷದ ಮರೈನ್ ಎಂಜಿನಿಯರಿಂಗ್ ಕೋರ್ಸ್ ಮಾಡಿ ಎಂಜಿನಿಯರ್ ಆಗಿ ಹಡಗು ಹತ್ತಬಹುದು. ಯಾಟುಗಳ ಲೋಕದಲ್ಲಿ ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ ಯಾಟ್‌ಮಾಸ್ಟರ್ ಪ್ರಮಾಣಪತ್ರಕ್ಕೆ ಹೆಚ್ಚು ಬೆಲೆ. ಆದರೆ ಎಂಜಿನ್ ರೂಮಿನ ಅನುಭವವಿಲ್ಲದೆ ಆ ಕಾಗದ ಒಂದೇ ಇಟ್ಟುಕೊಂಡು ಸಾಗರ ದಾಟಲಾಗದು.

ತಂದೆತಾಯಿಗಳಿಗೆ ಒಂದು ಮಾತು. ಹಡಗಿನ ಕೆಲಸ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ಏಜೆಂಟರು ಹಳ್ಳಿಗಳವರೆಗೂ ಬರುತ್ತಾರೆ. ಹಡಗಿಗೆ ಸಿಬ್ಬಂದಿ ಸೇರಿಸುವ ಕಂಪನಿಗೆ ಕೇಂದ್ರದ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು, ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಹಣ ಕೇಳುವಂತೆಯೇ ಇಲ್ಲ. ಪರವಾನಗಿ ಇರುವ ಕಂಪನಿಗಳ ಪಟ್ಟಿಯೂ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ಪಟ್ಟಿಯೂ ಮಹಾನಿರ್ದೇಶನಾಲಯದ ಜಾಲತಾಣದಲ್ಲಿವೆ. ಹೊಲ ಅಡವಿಡುವ ಮುಂಚೆ, ಎತ್ತು ಮಾರುವ ಮುಂಚೆ ಆ ಎರಡು ಪಟ್ಟಿಗಳನ್ನು ತೆರೆದು ನೋಡಿರಿ.